ಹುಳ ಮುಟ್ಟದ ಕಂಬಳಿ

ತಮಿಳು ಸೀಮೆಯ ಕಂಬೈನಲ್ಲೂರಿನಿಂದ ಹರೂರಿಗೆ ಹೋಗುವ ದಾರಿಯಲ್ಲಿ ಬಸ್ಸಿಳಿದು ಅರ್ಧ ಮೈಲಿ ನಡೆದರೆ ಕನ್ನಡ ಮಾತಾಡುವ ಕುರುಬರ ಒಂದು ಹಟ್ಟಿ ಸಿಗುತ್ತದೆ. ಮನೆಗಳು ಮೂವತ್ತು, ಕುರಿಗಳು ನಾನೂರು. ಬಾಯಿಗಳು ಎಷ್ಟಿದ್ದರೂ ಅವನ್ನೆಲ್ಲ ಮುಚ್ಚಿಸುವ ಬಾಯಿ ಮಾತ್ರ ಒಂದೇ, ಅದು ಮುತ್ಯಾಲಮ್ಮನದು. ಐವತ್ತೈದು ದಾಟಿದ ಹೆಂಗಸು, ಕಡ್ಡಿಯಂಥ ಮೈ. ಗಂಡ ತೀರಿಕೊಂಡು ಹತ್ತು ವರ್ಷವಾದರೂ ಮನೆಯ ಯಜಮಾನಿಕೆ ಒಂದು ದಿನವೂ ಸಡಿಲವಾಗಿರಲಿಲ್ಲ.

ಅವಳ ಹೆಮ್ಮೆಯೆಲ್ಲ ಒಂದು ಕಂಬಳಿಯ ಮೇಲೆ. ಅದು ಕುಲದ ಕಂಬಳಿ, ಅವಳ ಗಂಡನ ತಾತ ನೇಯ್ದದ್ದು. ಕುಲದಲ್ಲಿ ಕೂಸು ಹುಟ್ಟಿದರೆ ಹನ್ನೊಂದನೇ ದಿನ ಆ ಕಂಬಳಿ ಹಾಸಬೇಕು. ಕುಲದ ಹಿರಿಯ ತನ್ನ ಕೈಯಾರೆ ಕೂಸನ್ನು ಅದರ ಮೇಲೆ ಮಲಗಿಸಿ, "ಯಾರ ಕೂಸಿದು?" ಎಂದು ಮೂರು ಸಲ ಕೇಳಬೇಕು. ಕುಲದ ಗಂಡಸರು "ನಮ್ಮದು" ಎಂದು ಮೂರು ಸಲ ಹೇಳಬೇಕು. ಆಮೇಲೆಯೇ ಹೆಸರು. ಅಲ್ಲಿಯ ತನಕ ಅದು ಬರೀ ಕೂಸು, ಯಾರದೋ ಕೂಸು.

ಹದಿನಾರಕ್ಕೆ ಮದುವೆಯಾಗಿ ಬಂದಾಗ ಅತ್ತೆ ಈ ಕಂಬಳಿಯನ್ನು ಅವಳ ತೊಡೆಯ ಮೇಲಿಟ್ಟು, "ಹುಳ ತಿಂದರೆ ನಿನ್ನ ತವರಿಗೆ ಕಳಿಸ್ತೀನಿ ನೋಡು" ಎಂದಿದ್ದಳು. ಅದೇ ವರ್ಷ ಮಲೇರಿಯಾದವರು ಗೋಡೆಗೆ ಔಷಧಿ ಹೊಡೆಯಲು ಬಂದರು. ಅವರಲ್ಲೊಬ್ಬನಿಗೆ ಮಜ್ಜಿಗೆ ಕೊಟ್ಟು, ಹುಳ ಸಾಯುವ ಬಿಳಿ ಪುಡಿಯನ್ನು ಒಂದು ಡಬ್ಬಿ ತುಂಬ ಗಿಟ್ಟಿಸಿದಳು. ಪೆಟ್ಟಿಗೆ ತೆಗೆದು ಕಂಬಳಿಗೆ ಪುಡಿ ತಿಕ್ಕಿದಳು. ಆ ವರ್ಷ ಒಂದು ಹುಳವೂ ಹತ್ತಿರ ಸುಳಿಯಲಿಲ್ಲ. ಮಲೇರಿಯಾದವರು ಬರುವುದು ನಿಂತ ಮೇಲೆ ಹರೂರಿನ ಗೊಬ್ಬರದಂಗಡಿಯ, ಬೆಳೆಯ ಹುಳಕ್ಕೆ ಹೊಡೆಯುವ ಗಮಾಕ್ಸಿನ್ ಪುಡಿ ಹಿಡಿದಳು. ವರ್ಷಕ್ಕೊಂದು ಸಲ, ಆಡಿ ತಿಂಗಳಲ್ಲಿ, ಅಂದರೆ ಆಷಾಢದಲ್ಲಿ, ತಪ್ಪದೆ ಹಾಕುತ್ತಿದ್ದಳು.

ಬಾಗಿಲು ಹಾಕಿಕೊಂಡು ಹಾಕುತ್ತಿದ್ದಳು. ಗಾಳಿಗೆ ಹಾರಿದರೆ ಪುಡಿ ದಂಡ ಅಲ್ಲವೇ! ರಾಗಿ ಹಿಟ್ಟು ನಾದುವ ಹಾಗೆ ಎರಡೂ ಕೈಯಲ್ಲಿ ಉಣ್ಣೆಯೊಳಕ್ಕೆ ನಾದುತ್ತಿದ್ದಳು. ಅರ್ಧ ಗಂಟೆ ಆಗುವಷ್ಟರಲ್ಲಿ ಅವಳ ನಾಲಿಗೆ ಜುಮ್ಮೆನ್ನುತ್ತಿತ್ತು, ತಲೆ ತಿರುಗುತ್ತಿತ್ತು, ಬೆರಳ ತುದಿ ನಡುಗುತ್ತಿತ್ತು. ಹೊರಗೆ ಬಂದು ಜಗಲಿಯ ಮೇಲೆ ಕಣ್ಣು ಮುಚ್ಚಿ ಕೂತರೆ ಹಟ್ಟಿಯ ಹೆಂಗಸರೆಲ್ಲ ಕೈಮುಗಿಯುತ್ತಿದ್ದರು. ಬೀರಪ್ಪ ದೇವರು ಮೈಮೇಲೆ ಬಂದಿದ್ದಾನೆ ಎಂದು ಊರಿಗೆ ಊರೇ ನಂಬಿತ್ತು. ಎಲ್ಲರಿಗಿಂತ ಹೆಚ್ಚು ನಂಬಿದವಳು ಮುತ್ಯಾಲಮ್ಮನೇ.

ಇನ್ನು ಒಗೆಯುವ ಮಾತು? ಶಿವಶಿವಾ! ಕಂಬಳಿಗೆ ಮೈಲಿಗೆಯಿಲ್ಲ ಎನ್ನುವುದು ಹಿಂದಿನಿಂದ ಬಂದ ಮಾತು. ಮೈಲಿಗೆಯೇ ಇಲ್ಲದ್ದನ್ನು ನೀರಿಗೆ ಹಾಕುವವರು ಯಾರು? ಹೀಗೆ ಮೂವತ್ತೊಂಬತ್ತು ವರ್ಷದ ಪುಡಿ, ಪದರದ ಮೇಲೆ ಪದರವಾಗಿ, ಆ ಕಂಬಳಿಯಲ್ಲೇ ಕೂತಿತ್ತು.

ತೊಂಬತ್ತೇಳರಲ್ಲಿ ಅವಳ ಸೊಸೆ ಮುನಿಲಕ್ಷ್ಮಿಗೆ ಏಳು ತಿಂಗಳಾಯಿತು. ಸೊಸೆ ಎಂದರೆ ಹೊರಗಿನವಳಲ್ಲ, ಮುತ್ಯಾಲಮ್ಮನ ತಮ್ಮ ಪುಟ್ಟಪ್ಪನ ಮಗಳೇ. ಅತ್ತೆಮನೆಗೂ ತವರಿಗೂ ನಡುವೆ ಇದ್ದದ್ದು ಒಂದು ಕುರಿದೊಡ್ಡಿ. ಮಗ ಪ್ರಭು ಶಂಕಗಿರಿಯ ಲಾರಿ ಓಡಿಸುತ್ತ ತಿಂಗಳಿಗೆರಡು ಸಲ ಬರುತ್ತಿದ್ದ. ಮದುವೆಯಾಗಿ ಆರು ವರ್ಷ ಕಾದ ಬಸಿರು ಅದು. ಮುತ್ಯಾಲಮ್ಮನಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಈ ವರ್ಷ ಕಂಬಳಿಗೆ ಎರಡು ಪಾಲು ಪುಡಿ ಹಾಕಬೇಕೆಂದು ತೀರ್ಮಾನಿಸಿ, ಸೊಸೆಯನ್ನು ಹರೂರಿನ ಆಸ್ಪತ್ರೆಯಲ್ಲಿ ಚೆಕಪ್ಪಿಗೆ ಕೂರಿಸಿ, ತಾನು ಗೊಬ್ಬರದಂಗಡಿಗೆ ನಡೆದಳು.

ಅಂಗಡಿಯ ಕುಪ್ಪಸ್ವಾಮಿ ತಮಿಳಿನವನು. ಅವಳು ಕನ್ನಡದಲ್ಲಿ ಕೇಳುವುದು, ಅವನು ತಮಿಳಿನಲ್ಲಿ ಹೇಳುವುದು, ಹದಿನೆಂಟು ವರ್ಷದಿಂದ ಹಾಗೇ ನಡೆದಿತ್ತು. ಅವತ್ತು ಅವನು ಕೈಯಾಡಿಸಿಬಿಟ್ಟ.

"ಇಲ್ಲೇಮ್ಮಾ. ಗವರ್ಮೆಂಟೇ ನಿರುತ್ತಿಟ್ಟಾಂಗ. ಇನಿಮೇಲ್ ವರಾದು."

"ನಿಲ್ಸವ್ರಾ? ಇನ್ಮೇಲೆ ಬರಲ್ವಾ? ನೀನೇ ಒಳಗೆ ಬಚ್ಚಿಟ್ಕೊಂಡಿದೀಯ, ನಂಗೊತ್ತಿಲ್ವಾ? ತೆಗಿ, ತೆಗಿ."

"ಸತ್ತಿಯಮಾ ಇಲ್ಲಮ್ಮಾ," ಎಂದು ಅವನು ಆಣೆಯಿಟ್ಟ. ಆಮೇಲೆ ತನಗೆ ಬಂದಷ್ಟು ಕನ್ನಡದಲ್ಲಿ, "ಬೇರೆ ಮದ್ದು ಕೊಡ್ತೀನಿ. ಎಷ್ಟು ಎಕರೆ ಕಡಲೇಕಾಯಿ?" ಎಂದ.

"ಕಡಲೇಕಾಯಿ ಎಲ್ಲಿ ಬಂತು? ಕಂಬಳಿಗೆ ಕಣಪ್ಪ."

"ಯಾವ ಕಂಬಳಿ? ಯಾರು ಹೊದೀತಾರೆ?"

"ಯಾರೂ ಹೊದ್ಯಲ್ಲ. ಕೂಸು ಮಲಗಿಸ್ತೀವಿ."

ಕುಪ್ಪಸ್ವಾಮಿಯ ಕೈಯಲ್ಲಿದ್ದ ಟೀ ಲೋಟ ಬಾಯಿಯ ಹತ್ತಿರವೇ ನಿಂತಿತು. "ಅಯ್ಯಯ್ಯೋ! ಹದಿನೆಂಟು ವರ್ಷ ನಾನೇ ಕಟ್ಟಿ ಕೊಟ್ಟೆನಲ್ಲಮ್ಮಾ! ಹೊಲಕ್ಕೆ ಅಂದ್ಕೊಂಡಿದ್ದೆ. ಅದು ವಿಷಮ್ಮಾ, ವಿಷ! ಕೊಳಂದೆ ಮೇಲೆ, ಕೂಸಿನ ಮೇಲೆ ಹಾಕ್ತಾರಾ?" ಎಂದು ಎದ್ದು ನಿಂತ.

ಮುತ್ಯಾಲಮ್ಮ ಅವನಿಗೆ ನಾಲ್ಕು ಮಾತು ಬೈದು ಬಂದಳು. ಬೈಗುಳವೇನೋ ಜೋರಾಗಿಯೇ ಇತ್ತು, ಆದರೆ ಆಸ್ಪತ್ರೆಯ ಕಡೆ ಹೋಗುವ ಕಾಲು ಯಾಕೋ ಬಿರುಸಾಯಿತು.

ಆಸ್ಪತ್ರೆಯಲ್ಲಿ ಭುವನಾ ಎಂಬ ನರ್ಸಮ್ಮ ಇದ್ದಳು. ಮೇಟೂರಿನ ಕಡೆಯ ಹುಡುಗಿ, ಮನೆಮಾತು ಕನ್ನಡ. ಹಟ್ಟಿಯ ಬಸುರಿಯರೆಲ್ಲ ಅವಳನ್ನೇ ಹುಡುಕಿಕೊಂಡು ಹೋಗುತ್ತಿದ್ದರು. ಮುತ್ಯಾಲಮ್ಮ ಅವಳನ್ನು ಮೂಲೆಗೆ ಕರೆದು, ಅಂಗಡಿಯವನ ಮೇಲೆ ಚಾಡಿ ಹೇಳುವ ಹಾಗೆ ಎಲ್ಲವನ್ನೂ ಹೇಳಿದಳು. ಭುವನಾ ನಗಲಿಲ್ಲ, ರೇಗಲಿಲ್ಲ.

"ಪುಡಿ ಹಾಕೋವಾಗ ನಿಮಗೇನಾದ್ರೂ ಆಗುತ್ತಾ ಅಮ್ಮಾ?" ಎಂದು ಕೇಳಿದಳು.

"ಆಗ್ದೆ ಏನು? ದೇವ್ರು ಬತ್ತಾನೆ."

"ದೇವ್ರು ಬಂದ್ರೆ ಹೆಂಗಿರುತ್ತೆ?"

"ನಾಲಗೆ ಜುಮ್ ಅಂತೈತೆ. ತಲೆ ಗಿರ್ ಅಂತೈತೆ. ಕೈ ಅದುರತೈತೆ. ಒಂದೊಂದು ವರ್ಷ ವಾಂತಿನೂ ಆಗೈತೆ."

ಭುವನಾ ಅವಳ ಕೈ ಹಿಡಿದುಕೊಂಡಳು. "ಅಮ್ಮಾ, ತಪ್ಪು ತಿಳ್ಕೋಬ್ಯಾಡಿ. ಅದು ದೇವ್ರಲ್ಲ, ಪುಡಿ. ಒಂದಿನ ಕೈಯಲ್ಲಿ ಹಿಡಿದ ನಿಮಗೇ ಅಷ್ಟಾದ್ರೆ, ಹನ್ನೊಂದು ದಿನದ ಕೂಸಿನ ಚರ್ಮ ಎಷ್ಟಿರುತ್ತೆ? ಅದು ಕೈನ ಬಾಯಿಗೆ ಇಟ್ಕೊಳ್ಳಲ್ವಾ? ಮುಖ ಉಜ್ಜಲ್ವಾ?"

ಮುತ್ಯಾಲಮ್ಮ ತಾನಾಗಿಯೇ, "ಹಂಗಾರೆ ಆ ಕಂಬಳಿ ಏನ್ಮಾಡಾದು, ನೀನೇ ಹೇಳವ್ವಾ," ಎಂದು ಬುದ್ಧಿ ಕೇಳಿದಳು. ಇದು ಹಟ್ಟಿಯವರು ಯಾರೂ ಕಂಡಿರದ ಸಂಗತಿ.

ವಾಪಸು ಬರುವ ಬಸ್ಸಿನಲ್ಲಿ ಸೊಸೆಯ ಪಕ್ಕ ಕೂತು ಲೆಕ್ಕ ಹಾಕಿದಳು. ಬೀರಪ್ಪನ ಗುಡಿಗೆ ಎಷ್ಟು ಸಲ ಸುತ್ತು ಬಂದಿಲ್ಲ? ಅಲ್ಲಿ ಒಂದು ದಿನವಾದರೂ ದೇವರು ಮೈಮೇಲೆ ಬಂದದ್ದುಂಟೇ? ಇಲ್ಲ. ಹಬ್ಬದ ದಿನ? ಇಲ್ಲ. ಉಪವಾಸವಿದ್ದಾಗ? ಹಸಿವು ಬಂತೇ ಹೊರತು ದೇವರು ಬರಲಿಲ್ಲ. ಪುಡಿಯ ಡಬ್ಬಿ ತೆಗೆದ ದಿನ ಮಾತ್ರ ತಪ್ಪದೆ ಬರುತ್ತಿದ್ದನಲ್ಲ ಮಹಾರಾಯ! ಮುತ್ಯಾಲಮ್ಮನಿಗೆ ನಗು ಒತ್ತರಿಸಿ ಬಂತು. ಸೆರಗು ಬಾಯಿಗೆ ತುರುಕಿಕೊಂಡರೂ ನಿಲ್ಲಲಿಲ್ಲ. ಟಿಕೆಟ್ಟು ಹರಿಯುತ್ತಿದ್ದ ಕಂಡಕ್ಟರು, "ಎನ್ನಮ್ಮಾ, ಎನ್ನ ಆಚ್ಚು?" ಎಂದ.

"ಏನೂ ಇಲ್ಲಪ್ಪ. ಮೂವತ್ತೊಂಬತ್ತು ವರ್ಷ ಕಡಲೇಕಾಯಿ ಹುಳದ ಪುಡಿಗೆ ಊರೋರ ಕೈಲಿ ಕೈಮುಗಿಸ್ಕೊಂಡಿದೀನಿ," ಎಂದಳು. ಕಂಡಕ್ಟರಿಗೆ ಅರ್ಥವಾಗಲಿಲ್ಲ. ಮುನಿಲಕ್ಷ್ಮಿಗೆ ಅರ್ಥವಾಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಇಳಿಯುವ ಹೊತ್ತಿಗೆ ನಗು ಇಂಗಿತ್ತು. ಪ್ರಭು ಹುಟ್ಟಿ ಹನ್ನೊಂದನೇ ದಿನ ಅದೇ ಕಂಬಳಿಯ ಮೇಲೆ ಮಲಗಿದವನು, ಆಮೇಲೆ ಮೂರು ದಿನ ಹಾಲು ಹಿಡಿಯದೆ ನರಳಿದ್ದ. ದೃಷ್ಟಿಯಾಯಿತೆಂದು ಮೆಣಸಿನಕಾಯಿ ಸುಟ್ಟಿದ್ದಳು. ಹೆತ್ತವಳ ಕೈಯೇ ಹೀಗೆ ಮಾಡಿತೇ? ಆದರೆ ಅಳುತ್ತ ಕೂರುವ ಜಾತಿಯಲ್ಲ ಅವಳು. ಕಂಬಳಿಯನ್ನು ಗೊಬ್ಬರದ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಬಿಗಿದು, ಹಾಳುಬಿದ್ದ ಕೊಟ್ಟಿಗೆಗೆ ಹಾಕಿ, ಸೀದಾ ಮಲ್ಲಪ್ಪನ ಮನೆಗೆ ನಡೆದಳು.

ಮಲ್ಲಪ್ಪ ಅವಳ ಭಾವ, ಗಂಡನ ಅಣ್ಣ. ಕುಲದ ಹಿರಿಯ ಅವನೇ. ಕೂಸನ್ನು ಮಲಗಿಸುವ ಕೈ ಅವನದು. ಜಗಲಿಯ ಮೇಲೆ ನಾಲ್ಕು ಜನ ಕೂತಿದ್ದರು. ಮುತ್ಯಾಲಮ್ಮ ಒಂದನ್ನೂ ಮುಚ್ಚಿಡದೆ ಹೇಳಿದಳು. ದೇವರ ಸಂಗತಿಯನ್ನೂ ಹೇಳಿದಳು.

"ಈ ಕೂಸಿಗೆ ಆ ಕಂಬಳಿ ಬ್ಯಾಡ ಭಾವ. ಮಣ್ಣಲ್ಲಿ ಹೂತುಬಿಡಾನ. ಹೊಸದು ನೇಯಾನ."

ಮಲ್ಲಪ್ಪನ ಮೀಸೆ ಅದುರಿತು. "ಏನಂದೆ? ನಮ್ಮ ತಾತನ ಕಂಬಳಿ ಹೂಳಾದಾ? ನಾನು ಮಲಗಿದ್ದು ಅದ್ರ ಮ್ಯಾಲೆ. ನಿನ್ನ ಗಂಡ ಮಲಗಿದ್ದು ಅದ್ರ ಮ್ಯಾಲೆ. ನಾವೇನು ಸತ್ತೋದ್ವಾ?"

"ಆಗ ಪುಡಿ ಎಲ್ಲಿತ್ತು ಭಾವ? ಪುಡಿ ತಂದೋಳು ನಾನು. ತಪ್ಪು ನಂದು, ಕಂಬಳೀದಲ್ಲ."

"ಹಂಗಾರೆ ಒಗೀರಿ," ಎಂದ ಜಗಲಿಯ ಮೇಲಿದ್ದ ಒಬ್ಬ.

"ಎಲ್ಲಿ ಒಗಿಯಾದು? ಕೆರೇಲಾ? ಕುರಿ ನೀರು ಕುಡಿಯಾದು ಅಲ್ಲೇ ಅಲ್ವಾ? ಸುಡಲೂ ಬ್ಯಾಡ, ಹೊಗೆ ಒಳ್ಳೇದಲ್ಲ ಅಂದವ್ಳೆ ನರ್ಸಮ್ಮ. ಬಾವಿಯಿಂದ ದೂರ ಆಳವಾಗಿ ಹೂಳ್ಬೇಕು ಅಷ್ಟೇ." ಆಮೇಲೆ ಭಾವನ ಕಡೆ ತಿರುಗಿ ಮೆತ್ತಗೆ, "ನಿಮ್ಮ ಕಂಬಳಿಗೂ ವರ್ಷಾ ವರ್ಷಾ ನಾನೇ ಹಾಕಿಕೊಟ್ಟಿದೀನಿ. ದಿನಾ ಬೆಳಗಾದ್ರೆ ತಲೆನೋವು ಅಂತೀರಲ್ಲ, ಅದನ್ನೂ ಹೊದೀಬ್ಯಾಡಿ ಭಾವ," ಎಂದಳು.

ಅಷ್ಟು ಸಾಕಾಯಿತು. ಮಲ್ಲಪ್ಪ ಎದ್ದು ನಿಂತು ಮೇಲುವಸ್ತ್ರ ಕೊಡವಿದ. "ಕುಲದ ಕಂಬಳಿ ಬಿಟ್ಟು ಬ್ಯಾರೆ ಹಾಸಿದ್ರೆ ನಾನು ಬರಾಕಿಲ್ಲ. ಕೂಸು ಮಲಗಿಸಾಕಿಲ್ಲ. ಯಾರ ಕೂಸು ಅಂತ ನೀನೇ ಕೇಳ್ಕೋ," ಎಂದು ಒಳಗೆ ಹೋಗಿಬಿಟ್ಟ.

ಹಟ್ಟಿ ಎರಡಾಯಿತು. ಹಿರಿಯನ ಕೈ ಇಲ್ಲದೆ ಕೂಸು ಕುಲಕ್ಕೆ ಸೇರುವುದು ಹೇಗೆ ಎಂದು ಕೆಲವರು, ಮುತ್ಯಾಲಿಗೆ ವಯಸ್ಸಾಯಿತು ಎಂದು ಕೆಲವರು. ಪ್ರಭು ಲಾರಿ ನಿಲ್ಲಿಸಿ ಬಂದವನು, "ಯಾಕಮ್ಮಾ ಈ ಜಗಳ? ಸೇಲಂನಿಂದ ಒಂದು ಒಳ್ಳೆ ಬ್ಲಾಂಕೆಟ್ ತಂದ್ಬಿಡ್ತೀನಿ, ನೈಸಾಗಿರುತ್ತೆ," ಎಂದ.

"ಮಿಲ್ಲಿನ ಬ್ಲಾಂಕೆಟ್ ಮೇಲೆ ಮಲಗಿದ್ರೆ ಅದು ಮಿಲ್ಲಿನೋರ ಕೂಸು ಆಯ್ತದೆ. ಓಗ್ಲಾ, ಓಗು, ಸ್ನಾನ ಮಾಡು," ಎಂದಳು ತಾಯಿ.

ಮಾರನೆಯ ದಿನವೇ ತಮ್ಮನ ಮನೆಗೆ ಹೋದಳು. ಪುಟ್ಟಪ್ಪ ಹಟ್ಟಿಯ ಕೊನೆಯ ನೇಕಾರ. ಹನ್ನೆರಡು ವರ್ಷದಿಂದ ಮಗ್ಗ ಮುಟ್ಟಿರಲಿಲ್ಲ. ಮಗ್ಗದ ಗುಂಡಿಯಲ್ಲಿ ಕೋಳಿ ಕಾವು ಕೂತಿತ್ತು.

"ಲೇ ಪುಟ್ಟ, ನಿನ್ನ ಮೊಮ್ಮಗೂಗೆ ಕಂಬಳಿ ನೇಯಬೇಕು."

"ಅಕ್ಕಾ, ಕೈ ಮರೆತೈತೆ. ಮೇಲಾಗಿ ಕೋಳಿ ಮೊಟ್ಟೆ ಮೇಲೆ ಕೂತೈತೆ."

"ಕೋಳಿ ಎಬ್ಬಿಸಲಾ, ನಿನ್ನ ಎಬ್ಬಿಸಲಾ?"

ಕೋಳಿ ಎದ್ದಿತು. ಪುಟ್ಟಪ್ಪನೂ ಎದ್ದ.

ಆಮೇಲಿನ ಎರಡು ತಿಂಗಳು ಆ ಎರಡು ಮನೆಗಳಲ್ಲಿ ನಡೆದದ್ದು ಕೆಲಸವೋ ಹಬ್ಬವೋ ಹೇಳುವುದು ಕಷ್ಟ. ಮೈಗೆ ಹುಳದ ಔಷಧಿ ಕಾಣದ ಎಳೆಯ ಕುರಿಗಳನ್ನು ಮುತ್ಯಾಲಮ್ಮ ತಾನೇ ಆರಿಸಿದಳು, ಹಳ್ಳದಲ್ಲಿ ತೊಳೆಸಿದಳು, ಉಣ್ಣೆ ಕತ್ತರಿಸಿದಳು. ಅವಳು ಇಪ್ಪತ್ತು ವರ್ಷದ ಮೇಲೆ ಕದಿರು ಹಿಡಿದಳು. ಮೊದಲ ದಿನ ನೂಲು ಒಂದು ಕಡೆ ಹಗ್ಗ, ಇನ್ನೊಂದು ಕಡೆ ಜೇಡರ ಎಳೆ. ಮುನಿಲಕ್ಷ್ಮಿ ಬಸಿರಿನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಕ್ಕಳು. "ಅತ್ತೆ, ಇದ್ರಲ್ಲಿ ಕುರಿ ಕಟ್ಟಬೋದು."

"ನಗು, ನಗು. ನಿಮ್ಮಪ್ಪ ನೇಯೋದು ನೋಡಿ ಇನ್ನೂ ನಗುವಂತೆ."

ಅದೂ ನಿಜವಾಯಿತು. ಪುಟ್ಟಪ್ಪ ನೇಯ್ದ ಮೊದಲ ಗೇಣು ಹಾವು ಹರಿದ ದಾರಿಯಂತೆ ಸೊಟ್ಟಗೆ ಹೋಯಿತು. ಬಿಚ್ಚಿದ, ಮತ್ತೆ ನೇಯ್ದ. ಒಂದು ವಾರಕ್ಕೆ ಲಾಳಿ ಅವನ ಕೈಯಲ್ಲಿ ತಾನಾಗಿ ಓಡತೊಡಗಿತು. ಮಗ್ಗದ ಸದ್ದು ಕೇಳಿ ಹಟ್ಟಿಯ ಮುದುಕಿಯರು ಒಬ್ಬೊಬ್ಬರಾಗಿ ಬಂದರು. "ನೋಡೋಕೆ ಬಂದೆ ಅಷ್ಟೇ" ಎಂದು ಬಂದವರು, ಹೋಗುವಾಗ ಒಂದು ಹಿಡಿ ನೂತು ಹೋದರು. ಮಲ್ಲಪ್ಪನ ಪಕ್ಷದ ಮನೆಗಳಿಂದಲೂ ಬಂದರು. ಗಂಡಸರ ಪಕ್ಷ ಹೆಂಗಸರಿಗೇಕೆ? ಹುಣಸೆ ಬೀಜದ ಗಂಜಿ ಬೇಯಿಸಿ ಕಂಬಳಿಗೆ ಬಳಿದು ಬಿಸಿಲಿಗೆ ಹಾಕುವ ಹೊತ್ತಿಗೆ ಅರ್ಧ ಹಟ್ಟಿಯ ಕೈ ಅದಕ್ಕೆ ತಗುಲಿತ್ತು. ಕಡುಕಪ್ಪು, ಒಂದೂವರೆ ಮೊಳ, ಅಂಚಿಗೆ ಒಂದೆಳೆ ಬಿಳಿ.

"ಇದಕ್ಕೆ ಹುಳ ಬಂದ್ರೆ ಏನ್ಮಾಡ್ತೀಯೆ?" ಎಂದು ಪಕ್ಕದ ಮನೆಯ ಮಾದಮ್ಮ ಬೇಕೆಂದೇ ಕೆಣಕಿದಳು.

"ಬಿಸಿಲಿಗೆ ಹಾಕ್ತೀನಿ, ಬೇವಿನ ಸೊಪ್ಪು ಇಡ್ತೀನಿ. ಅಷ್ಟಕ್ಕೂ ತಿಂದ್ರೆ ತಿನ್ಲಿ ಬಿಡೆ. ಹುಳ ತಿನ್ನೋಕೆ ಹೆದರೋ ಕಂಬಳಿ ಮೇಲೆ ನಾನು ಕೂಸು ಮಲಗಿಸ್ಲಾ?" ಎಂದಳು ಮುತ್ಯಾಲಮ್ಮ.

ಆದರೆ ಮಲ್ಲಪ್ಪ ಬರಲಿಲ್ಲ. ಮಗ್ಗ ನೋಡಲು ಬರಲಿಲ್ಲ, ಹೆಣ್ಣು ಕೂಸು ಹುಟ್ಟಿತೆಂದು ಬೆಲ್ಲ ಕಳಿಸಿದರೂ ಬರಲಿಲ್ಲ. ಬೆಲ್ಲವನ್ನು ಮಾತ್ರ ವಾಪಸು ಕಳಿಸಿರಲಿಲ್ಲ. ಅದೊಂದನ್ನೇ ಹಿಡಿದುಕೊಂಡು ಮುತ್ಯಾಲಮ್ಮ ಹತ್ತು ದಿನ ತಳ್ಳಿದಳು. ಆರು ವರ್ಷ ಕಾದು ಬಂದ ಕೂಸು ತನ್ನ ಹಟದಿಂದ ಯಾರದೋ ಕೂಸಾಗಿ ಉಳಿದರೆ?

ಹನ್ನೊಂದನೇ ದಿನ ಬೆಳಗ್ಗೆ ಅಂಗಳ ಸಾರಿಸಿ ಹೊಸ ಕಂಬಳಿ ಹಾಸಿದರು. ಜನ ಬಂದರು. ನೀರು ಮಿಂದ ಕೂಸನ್ನು ಮುನಿಲಕ್ಷ್ಮಿ ತೊಡೆಯ ಮೇಲಿಟ್ಟುಕೊಂಡು ಕೂತಳು. ಬಿಸಿಲು ಏರಿತು. ಅಡುಗೆಯ ಪಾಯಸ ಗಟ್ಟಿಯಾಯಿತು. ಪ್ರಭು ಎರಡು ಸಲ ಬೀದಿಯ ತನಕ ಹೋಗಿ ಬಂದ. ಪುಟ್ಟಪ್ಪ, "ಅಕ್ಕಾ, ನಾನೇ ಮಲಗಿಸ್ಲಾ?" ಎಂದು ಪಿಸುಗುಟ್ಟಿದ.

"ನೀನು ತಾಯಿ ಕಡೆಯೋನು, ನೀನು ಮಲಗಿಸಂಗಿಲ್ಲ. ಕಾಯಾನ," ಎಂದಳು.

ಇನ್ನೇನು ಜನ ಏಳಬೇಕು, ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ಮಲ್ಲಪ್ಪ ಕಾಣಿಸಿದ. ಬಿಳಿ ಪಂಚೆ, ತಲೆಗೆ ರುಮಾಲು, ತೋಳಿನ ಕೆಳಗೆ ಬಾಯಿ ಬಿಗಿದ ಒಂದು ಪ್ಲಾಸ್ಟಿಕ್ ಚೀಲ. ಯಾರನ್ನೂ ನೋಡದೆ ಅಂಗಳಕ್ಕೆ ಬಂದ, ಚೀಲವನ್ನು ಬೇಲಿಯ ಆಚೆಗೆ ಇಟ್ಟ, ಕೈಕಾಲು ತೊಳೆದ.

"ಏನ್ ಭಾವ ಅದು?" ಎಂದಳು ಮುತ್ಯಾಲಮ್ಮ.

"ನನ್ನ ಕಂಬಳಿ." ಮಲ್ಲಪ್ಪ ಮೀಸೆಯ ಮೇಲೆ ಕೈಯಾಡಿಸಿದ. ಎಲ್ಲರಿಗೂ ಕೇಳುತ್ತಿದೆ ಎಂದು ಗೊತ್ತಿದ್ದೂ ಅವಳೊಬ್ಬಳಿಗೇ ಎಂಬಂತೆ ಹೇಳಿದ: "ನಿನ್ನ ಮಾತು ಸುಳ್ಳು ಮಾಡ್ಬೇಕು ಅಂತ ಅವತ್ತಿಂದ ಅದನ್ನ ಬಿಟ್ಟು ಬರೀ ಚಾಪೆ ಮ್ಯಾಲೆ ಮಲಗ್ದೆ. ತಲೆನೋವು ಇದ್ದಂಗೇ ಇರ್ತದೆ, ಅವಳ ಮುಖಕ್ಕೆ ಹೇಳ್ತೀನಿ ಅಂದ್ಕೊಂಡೆ. ಮೂರು ವಾರಕ್ಕೆ ನಿಂತೋಯ್ತು, ಹಾಳಾದ್ದು."

"ಮೂರು ವಾರಕ್ಕಾ? ಎರಡು ತಿಂಗಳಾಯ್ತಲ್ಲ ಭಾವ! ಉಳಿದ ದಿನ ಏನ್ಮಾಡ್ತಿದ್ರಿ?"

"ತಿರಗಾ ತಲೆನೋವು ಬರ್ಲಿ ಅಂತ ಕಾಯ್ತಿದ್ದೆ."

ಅಂಗಳಕ್ಕೆ ಅಂಗಳವೇ ನಕ್ಕಿತು. ಮಲ್ಲಪ್ಪ ನಗಲಿಲ್ಲ, ಆದರೆ ಮೀಸೆಯ ಕೆಳಗೆ ಏನೋ ಸಡಿಲವಾಯಿತು. "ಇದನ್ನೂ ತಾತನದನ್ನೂ ಒಟ್ಟಿಗೆ ಹೂಳಿ. ಕೈಮುಗಿದು ಹೂಳ್ಬೇಕು, ಕಸ ಬಿಸಾಕಿದಂಗಲ್ಲ," ಎಂದು ಹೇಳಿ ಕಂಬಳಿಯ ಮುಂದೆ ಮಂಡಿಯೂರಿ ಕೂತ. ಅಂಗೈಯಿಂದ ಅದನ್ನು ಒಂದು ಸಲ ಸವರಿದ. ಬಗ್ಗಿ ಮೂಸಿದ.

"ಕುರಿ ವಾಸ್ನೆ ಐತೆ ಕಣ್ರೋ," ಎಂದ. "ಚಿಕ್ಕೋನಿದ್ದಾಗ ತಾತನ ಕಂಬಳಿ ಇಂಗೇ ಇತ್ತು."

ಮುನಿಲಕ್ಷ್ಮಿ ಎದ್ದು ಕೂಸನ್ನು ಅವನ ಕೈಗೆ ಕೊಟ್ಟಳು. ಅವನು ಅದನ್ನು ಕಂಬಳಿಯ ನಡುವೆ ಮಲಗಿಸಿದ. ಹೊಸ ಉಣ್ಣೆ ಬೆನ್ನಿಗೆ ಚುಚ್ಚಿತೋ ಏನೋ, ಕೂಸು ಕೈಕಾಲು ಬಡಿದು ಹಟ್ಟಿ ಹಾರಿಹೋಗುವಂತೆ ಕಿರುಚಿತು. ಆ ಗಲಾಟೆಯ ನಡುವೆ ಮಲ್ಲಪ್ಪ ಧ್ವನಿ ಎತ್ತಿ ಕೇಳಿದ.

"ಯಾರ ಕೂಸಿದು?"

"ನಮ್ದು!"

ಗಂಡಸರು ಇನ್ನೂ ಬಾಯಿ ತೆರೆದಿರಲಿಲ್ಲ. ಕೂಗಿದವಳು ಮುತ್ಯಾಲಮ್ಮ. ಹೆಂಗಸರು ಹೇಳುವ ಪದ್ಧತಿಯಿಲ್ಲ, ಅವಳಿಗೆ ಅದು ಮರೆತೇಹೋಗಿತ್ತು. ಎಲ್ಲರೂ ತಿರುಗಿ ನೋಡಿದರು. ಅವಳು ನಾಲಿಗೆ ಕಚ್ಚಿಕೊಂಡು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕಣ್ಣಿಂದ ನೀರು ಇಳಿಯುತ್ತಲೇ ಇತ್ತು.

ಮಲ್ಲಪ್ಪ ಅವಳನ್ನೇ ಒಂದು ಗಳಿಗೆ ನೋಡಿದ. ಎರಡನೇ ಸಲ ಕೇಳುವಾಗ ಅವನು ಗಂಡಸರ ಕಡೆ ತಿರುಗಲೇ ಇಲ್ಲ.

"ಹೇಳಮ್ಮಾ, ಯಾರ ಕೂಸಿದು?"